ಹತ್ತೊಂಬತ್ತು ಕೋವಿಗಳ ಕಾಲೊನಿ

ಉಧ್ನಾ, ಸೂರತ್
2 ಜೂನ್ 2003

ಪ್ರೀತಿಯ ನಳಿನಿ,

ನಾನು ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ. ಭಾನುವಾರ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ಗುಂಡಿನ ಸದ್ದು ತಿಂದ ಎಡಗಿವಿ ಈಗ ಪೂರ್ತಿ ರಜೆ ಹಾಕಿದೆ. ಕೇಳಿಸಿದ ಅರ್ಧವೂ ನಿನ್ನ ಮಾತಿನಂತಿರಲಿಲ್ಲ. ಅಳಿಯನ ಮನೆಯ ಹಾಲ್‌ನಲ್ಲಿ ಎಲ್ಲರೆದುರು ನಿಂತು ಗಂಡನ ಹತ್ತಿರ ಏನು ಮಾತಾಡುವುದು? ಆದ್ದರಿಂದ ಕಾಗದವೇ ಸರಿ. ಜನವರಿಯಲ್ಲಿ ನೀನು ಚಿಕಿತ್ಸೆಗೆಂದು ವಡೋದರಾಕ್ಕೆ ಮಗಳು ಇಂದಿರಾಳ ಮನೆಗೆ ಹೋದಮೇಲೆ ಈ ಮನೆಯಲ್ಲಿ ನಾನು ಕೊಡವ ತಕ್ಕಿನಲ್ಲಿ ಒಂದು ಮಾತೂ ಆಡಿಲ್ಲ. ಒಮ್ಮೆ ಕನ್ನಡಿಯ ಮುಂದೆ ಆಡಿ ನೋಡಿದೆ, ನಾಚಿಕೆಯಾಯಿತು.

ಕಾಲೊನಿಯ ಸುದ್ದಿ ಒಂದಿದೆ. ಕಳೆದ ತಿಂಗಳು ಪಕ್ಕದ ಮನೆ ಹಾಲಪ್ಪನ ಮಗಳು ಅನುಷಾಳ ಮದುವೆಯಾಯಿತು. ದಿಬ್ಬಣ ಹೊರಟಾಗ ಯಾರೋ ಸಂಭ್ರಮಕ್ಕೆಂದು ಗಾಳಿಗೆ ಒಂದು ಗುಂಡು ಹಾರಿಸಿದರು. ಅದರ ಚರೆ ಹೋಗಿ ಮೂರನೇ ಸಾಲಿನ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದ ಕಮಲಾಬೆನ್‌ಗೆ ತಗುಲಿತು. ಜೀವಕ್ಕೆ ತೊಂದರೆಯಿಲ್ಲ. ಅವರ ಮನೆಯವರು ಕೇಸು ಬೇಡವೆಂದು ಬರೆದುಕೊಟ್ಟರು. ಆದರೆ ಇನ್‌ಸ್ಪೆಕ್ಟರ್ ಬಂದು ಎಲ್ಲರನ್ನೂ ಸೇರಿಸಿ ಹೇಳಿದ: "ಎಂಬತ್ತನಾಲ್ಕು ಮನೆ, ಹತ್ತೊಂಬತ್ತು ಕೋವಿ. ಕೋವಿ ಹೇಗಿಡಬೇಕು, ಹೇಗೆ ಮುಟ್ಟಬೇಕು ಅಂತ ನೀವೇ ರೂಲು ಬರೆದು, ಎಲ್ಲರೂ ಸಹಿ ಹಾಕಿ ಕೊಡಿ. ಇನ್ನೊಂದು ಗುಂಡಿನ ಸದ್ದು ಕೇಳಿದರೆ ಹತ್ತೊಂಬತ್ತು ಲೈಸೆನ್ಸನ್ನೂ ರದ್ದಿಗೆ ಕಳಿಸುತ್ತೇನೆ."

ಇಲ್ಲಿ ಕೋವಿ ಎಂದರೆ ಹತ್ತೊಂಬತ್ತು ಮನೆಯ ಅನ್ನ ಎಂಬುದು ನಿನಗೆ ಗೊತ್ತು. ಎಲ್ಲರೂ ನನ್ನಂತೆ ಸೈನ್ಯ ಬಿಟ್ಟು ಬಂದು ಬ್ಯಾಂಕಿನ, ವಜ್ರದ ಆಫೀಸಿನ ಬಾಗಿಲಲ್ಲಿ ಸ್ವಂತ ಕೋವಿ ಹಿಡಿದು ನಿಂತವರು. ರೂಲು ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕೊಡಗಿನವರು ಹುಟ್ಟುತ್ತಲೇ ಕೋವಿ ಕಂಡವರಂತೆ, ನೀವೇ ಬರೆಯಿರಿ ಎಂದರು. ನಾನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ, ನೀನು ಗುಜರಾತಿಗೆ ತಿರುಗಿಸಿ ಕೊಡು. ಹತ್ತು ವರ್ಷ ಇಲ್ಲಿಯ ಬಾಲಮಂದಿರದಲ್ಲಿ ಪಾಠ ಮಾಡಿದವಳು ನೀನು, ನನ್ನ ಗುಜರಾತಿ ತರಕಾರಿ ಗಾಡಿಯಾಚೆ ಹೋಗುವುದಿಲ್ಲ.

ಡಯಾಲಿಸಿಸ್ ವಾರಕ್ಕೆ ಎರಡೇ ತಾನೆ? ಉಪ್ಪು ಮುಟ್ಟಬೇಡ.

ನಿನ್ನ,
ಗಣಪತಿ


ವಡೋದರಾ
10 ಜೂನ್ 2003

ಸುಬೇದಾರ್ ಸಾಹೇಬರಿಗೆ,

ನಮಸ್ಕಾರಗಳು. ವಾರಕ್ಕೆ ಎರಡೇ, ಮಾಮೂಲು. ಉಪ್ಪು ಮುಟ್ಟುವುದಿರಲಿ, ಇಂದಿರಾ ಅದರ ಡಬ್ಬಿಯನ್ನೇ ನನ್ನ ಕಣ್ಣಿಗೆ ಬೀಳದ ಹಾಗೆ ಇಡುತ್ತಾಳೆ. ದಿನಕ್ಕೆ ಮೂರು ಲೋಟ ನೀರು. ನೀರಿಗೂ ರೇಷನ್ ಆದಮೇಲೆ ನನಗೆ ಊರಿನ ತೊರೆಯ ಕನಸೇ ಬೀಳುತ್ತದೆ. ಕನಸಿನಲ್ಲಿ ಹೊಟ್ಟೆ ತುಂಬ ಕುಡಿದು ಏಳುತ್ತೇನೆ, ಬಾಯಿ ಒಣಗಿರುತ್ತದೆ.

ಕಮಲಾಬೆನ್ ಸುದ್ದಿ ಓದಿ ಕಾಗದವನ್ನು ಮತ್ತೆ ಮೊದಲಿನಿಂದ ಓದಿದೆ. ಎಲ್ಲಿಗೆ ತಗುಲಿತು, ಎಷ್ಟು ತಗುಲಿತು, ಹಾರಿಸಿದ ಪುಣ್ಯಾತ್ಮ ಯಾರು? ನೀವು ಇದನ್ನೆಲ್ಲ ಬಿಟ್ಟು ಇನ್‌ಸ್ಪೆಕ್ಟರ್ ಮಾಡಿದ ಭಾಷಣ ಬರೆದಿದ್ದೀರಿ. ಸೈನ್ಯದ ರಿಪೋರ್ಟ್ ಓದಿದ ಹಾಗಾಯಿತು.

ರೂಲು ಕಳಿಸಿ, ತಿದ್ದಿ ಕೊಡುತ್ತೇನೆ. ಗಾಳಿಗೆ ಗುಂಡು ಹಾರಿಸಬಾರದು ಎಂಬುದೇ ಒಂದನೇ ರೂಲು ಆಗುತ್ತದಲ್ಲವೇ? ಹಾಗಾದರೆ ನನ್ನ ಎರಡು ಗುಂಡಿನ ಗತಿಯೇನು? ನನ್ನ ಅಪ್ಪ ಹೋದ ದಿನ ನೆನಪಿದೆಯಾ? ಅಂಗಳದಲ್ಲಿ ನಿಂತು ನೀವೇ ಎರಡು ಗುಂಡು ಹೊಡೆದಿರಿ. ಎರಡು ಗುಂಡು ಕೇಳಿದರೆ ಸಾವು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗದ್ದೆಯಲ್ಲಿ ನೇಗಿಲು ಬಿಟ್ಟು, ಒಲೆಯ ಮೇಲೆ ಅನ್ನ ಬಿಟ್ಟು ನಲವತ್ತು ಜನ ಓಡಿ ಬಂದರು. ಅವತ್ತು ನಾನು, ನನಗೂ ಹೀಗೇ ಆಗಬೇಕು, ಯಾವ ಊರಲ್ಲಿದ್ದರೂ ಆಗಬೇಕು ಅಂದೆ. ನೀವು ನನ್ನ ಕೈ ಮುಟ್ಟಿ ಹೂಂ ಅಂದಿರಿ. ಈಗ ನಿಮ್ಮ ಕೈಯಲ್ಲೇ ಪೆನ್ನಿದೆ, ನೋಡಿಕೊಳ್ಳಿ.

ಇನ್ನೊಂದು ಮಾತು. ವಡೋದರಾಕ್ಕೂ ಸೂರತ್‌ಗೂ ರೈಲಿನಲ್ಲಿ ಎರಡು ಗಂಟೆ. ಮಾರ್ಚಿನಲ್ಲಿ ನನ್ನನ್ನು ಆಸ್ಪತ್ರೆಯ ಮೆಷಿನ್ ಪಕ್ಕದಲ್ಲಿ ಮಲಗಿಸಿದಾಗ, ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬರುತ್ತೇನೆ ಎಂದು ಹೊರಟವರು ಸೂರತ್ ಸ್ಟೇಷನ್ನಿನಿಂದ ಫೋನ್ ಮಾಡಿದಿರಿ. ಅಷ್ಟು ದೂರದ ಕ್ಯಾಂಟೀನಿನ ಚಹಾ ಹೇಗಿತ್ತು? ಆಮೇಲೆ ಒಮ್ಮೆಯೂ ಬಂದಿಲ್ಲ. ಮಗಳ ಮನೆ ಸೇರಿದಳು ಎಂದು ಕೋಪವಿದ್ದರೆ ಬರೆದುಬಿಡಿ, ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡಿ.

ಸಂಜನಾ ಕೇಳುತ್ತಾಳೆ, "ಅಜ್ಜಿ, ಅಜ್ಜನ ಗನ್ ಅಸ್ಲೀನಾ?" ಅಸಲಿಯೇ ಮಗು, ಅಜ್ಜ ಮಾತ್ರ ಬರೀ ಫೋಟೋದಲ್ಲಿರುವವರು ಅಂದೆ.

ನಿಮ್ಮ,
ನಳಿನಿ


ಉಧ್ನಾ
30 ಜೂನ್ 2003

ನಳಿನಿ,

ಕಾಗದ ತಲುಪಿ ಹದಿನೈದು ದಿನ ದಾಟಿತು. ಮಳೆ ಶುರುವಾಗಿದೆ. ವಜ್ರದ ಆಫೀಸಿನಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಡ್ಯೂಟಿ ಹೆಚ್ಚಾಗಿದೆ. ಈ ತಿಂಗಳೂ ಬರಲಾಗಲಿಲ್ಲ. ಕೋಪ ಏನಿಲ್ಲ.

ಕಮಲಾಬೆನ್‌ಗೆ ಎರಡು ಚರೆ ಭುಜಕ್ಕೆ, ಒಂದು ಬಲಗಣ್ಣಿನ ಕೆಳಗೆ. ಆ ಕಣ್ಣು ಸ್ವಲ್ಪ ಮಸುಕು ಅನ್ನುತ್ತಾರೆ. ಹಾರಿಸಿದ್ದು ಯಾರೆಂದು ಗದ್ದಲದಲ್ಲಿ ಸರಿಯಾಗಿ ತಿಳಿಯಲಿಲ್ಲ.

ಮೊದಲ ಕರಡು ಇಲ್ಲಿದೆ.

ಖಾಲಿ ಕೋವಿ ಎಂಬುದಿಲ್ಲ. ಖಾಲಿಯಾಗಿದ್ದರೂ ತುಂಬಿದೆ ಎಂದೇ ಹಿಡಿಯಬೇಕು. (ಇದು ನನ್ನ ಅಜ್ಜನದು. ಅವರು ಬರೆದವರಲ್ಲ, ಕಿವಿ ಹಿಂಡಿ ಹೇಳಿದವರು.)

ಕೋವಿ ಒಂದು ಪೆಟ್ಟಿಗೆಯಲ್ಲಿ, ಗುಂಡಿನ ತೋಟೆ ಇನ್ನೊಂದು ಪೆಟ್ಟಿಗೆಯಲ್ಲಿ. ತೋಟೆ ಪೆಟ್ಟಿಗೆಯ ಕೀಲಿಕೈ ಕೋವಿಯವನ ಬಳಿ ಇರಕೂಡದು, ಮನೆಯ ಇನ್ನೊಬ್ಬರ ಬಳಿ ಇರಬೇಕು. ಒಂಟಿಯಾಗಿರುವವನು ಕೀಲಿಕೈಯನ್ನು ನೆರೆಮನೆಯಲ್ಲಿಡಬೇಕು.

ಮದುವೆ, ಹಬ್ಬ, ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಕೂಡದು. ಬೇವಿನ ಮರದ ಬಳಿಯಿಂದ ಓರೆಯಾಗಿ ಹಾರಿಸಿದ ಚರೆ ಅರವತ್ತು ಹೆಜ್ಜೆಯ ಮಹಡಿಗೂ ಬೀಳುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ಹದಿನೈದು ದಿನಕ್ಕಿಂತ ಹೆಚ್ಚು ಊರು ಬಿಡುವವನು ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ಪಡೆಯಬೇಕು.

ಕುಡಿದವನು ಕೋವಿ ಮುಟ್ಟಕೂಡದು. ಇದಕ್ಕೆ ಮಾತ್ರ ಸೆಕ್ರೆಟರಿ ಪಟೇಲ್‌ಭಾಯಿ ಒಪ್ಪುತ್ತಿಲ್ಲ. ಪಾನನಿಷೇಧವಿರುವ ಗುಜರಾತಿನಲ್ಲಿ ಕುಡಿಯುವವರೇ ಇಲ್ಲ, ಹೀಗೆ ಬರೆದರೆ ಇದ್ದಾರೆ ಎಂದು ನಾವೇ ಪೊಲೀಸರಿಗೆ ಬರೆದುಕೊಟ್ಟಂತೆ ಎನ್ನುತ್ತಾರೆ. ಏನು ಮಾಡಲಿ?

ಗಣಪತಿ


ವಡೋದರಾ
12 ಜುಲೈ 2003

ಸುಬೇದಾರರೇ,

ಪಟೇಲ್‌ಭಾಯಿಯ ಗೋಳಿಗೆ ಮದ್ದು ಸುಲಭ. 'ತಬಿಯತ್ ಸರಿಯಿಲ್ಲದವನು ಕೋವಿ ಮುಟ್ಟಕೂಡದು' ಎಂದು ಬರೆಯಿರಿ. ಶನಿವಾರ ಸಂಜೆ ಯಾರ್ಯಾರ ತಬಿಯತ್ ಸರಿ ಇರುವುದಿಲ್ಲ ಎಂಬುದು ಇಡೀ ಕಾಲೊನಿಗೆ ಗೊತ್ತಿದೆ.

ಇನ್ನು ನಿಮ್ಮ ಕರಡು. ಮೂರು ಸಲ ಓದಿದೆ. 'ಒಂಟಿಯಾಗಿರುವವನು ಕೀಲಿಕೈಯನ್ನು ನೆರೆಮನೆಯಲ್ಲಿಡಬೇಕು.' ಆ ಎಂಬತ್ತನಾಲ್ಕು ಮನೆಯಲ್ಲಿ ಒಂಟಿಯಾಗಿರುವವರು ಯಾರು? ಎಲ್ಲ ಮನೆಯಲ್ಲೂ ಹೆಂಡತಿ, ಮಕ್ಕಳು, ಅತ್ತೆ, ಇಬ್ಬರು ಬಾಡಿಗೆಯವರು. ನಾನು ಬಂದಮೇಲೆ ಒಂಟಿಯಾದ ಮನೆ ಒಂದೇ. ಬೇವಿನ ಮರದಿಂದ ಮಹಡಿಗೆ ಅರವತ್ತು ಹೆಜ್ಜೆ ಎಂದು ಅಳೆದು ನೋಡಿದ ಕಾಲು ಯಾರದು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೀವು ಹೆಗಲು ಮುಟ್ಟಿ ನೋಡಿಕೊಂಡದ್ದನ್ನು ರೂಲು ಮಾಡಿ ನನಗೇ ಕಳಿಸಿದ್ದೀರಿ.

ಹನ್ನೆರಡು ವರ್ಷ ತೋಟೆ ಪೆಟ್ಟಿಗೆಯ ಕೀಲಿಕೈ ನನ್ನ ಗೊಂಚಲಿನಲ್ಲಿತ್ತು. ಹೊರಡುವ ದಿನ ನಾನೇ ಅದನ್ನು ಬಿಡಿಸಿ ನಿಮ್ಮ ಅಂಗೈಗೆ ಇಟ್ಟೆ. ನಾನು ಕೇಳುವುದು ಇಷ್ಟೇ. ಹಾರಿಸಿದ್ದು ನೀವಾ?

ಅಳಿಯ ಅಜಯ್‌ಗೆ ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದ್ದಾರೆ. ಆಗಸ್ಟಿನಲ್ಲಿ ಅಲ್ಲಿಯ ಬೋಡಕ್‌ದೇವ್‌ಗೆ ಹೋಗುತ್ತೇವೆ. ಅಲ್ಲಿ ಆಸ್ಪತ್ರೆ ಇನ್ನೂ ಚೆನ್ನಾಗಿದೆಯಂತೆ. ನಿಮ್ಮಿಂದ ಇನ್ನೂ ನೂರು ಕಿಲೋಮೀಟರ್ ದೂರ. ಎರಡು ಗಂಟೆಯ ದಾರಿಗೇ ಬಾರದವರಿಗೆ ನಾಲ್ಕು ಗಂಟೆಯಾದರೇನು ಎಂದು ನಾನೂ ಬೇಡ ಅನ್ನಲಿಲ್ಲ.

ನಳಿನಿ


ಉಧ್ನಾ
17 ಆಗಸ್ಟ್ 2003

ನನ್ನ ನಳಿನಿ,

ಈ ಕಾಗದ ಬರೆಯಲು ಐದು ವಾರ ಬೇಕಾಯಿತು. ನಾಲ್ಕು ಸಲ ಬರೆದು ಹರಿದೆ.

ಹೌದು, ನಾನೇ.

ಹಾಲಪ್ಪ ನನ್ನ ಎರಡೂ ಕೈ ಹಿಡಿದುಕೊಂಡು, "ಸಾಹೇಬ್ರ, ನಿಮ್ಮ ಕೊಡಗಿನ್ಯಾಗ ಮದವಿಗೆ ಕೋವಿ ಹಾರಸ್ತಾರಂತಲ್ರೀ, ನನ್ನ ಮಗಳ ಮದವಿಗೂ ಒಂದ ಹಾರಿಸ್ರಿ, ಮಂದಿ ನೋಡ್ಲಿ" ಅಂದ. ಅವನ ಮೇಲೆ ತಪ್ಪು ಹೊರಿಸುತ್ತಿಲ್ಲ. ಕೇಳಿದ ಕೂಡಲೇ ನನ್ನ ಎದೆ ಉಬ್ಬಿತ್ತು. ಮನೆಗೆ ಬಂದು ಪೆಟ್ಟಿಗೆ ತೆಗೆದೆ. ನೀನಿದ್ದಿದ್ದರೆ ಕೀಲಿಕೈ ಕೇಳಬೇಕಿತ್ತು, ನೀನು ಯಾಕೆ ಎಂದು ಕೇಳುತ್ತಿದ್ದೆ, ಅಷ್ಟಕ್ಕೇ ನನ್ನ ಹುಮ್ಮಸ್ಸು ಇಳಿಯುತ್ತಿತ್ತು. ಯಾರೂ ಕೇಳಲಿಲ್ಲ.

ಅಂಗಳದ ಬೇವಿನ ಮರದ ಬಳಿ ನಿಂತು ಊರಿನಲ್ಲಿ ಹಾರಿಸುವ ಹಾಗೇ ಹಾರಿಸಿದೆ. ನೇರ ಮೇಲೆ ಕರೆಂಟಿನ ತಂತಿ ಇತ್ತು, ಸ್ವಲ್ಪ ಓರೆ ಮಾಡಿದೆ. ಊರಿನ ನಮ್ಮ ಮನೆಯ ಅಂಗಳದಿಂದ ಎತ್ತ ತಿರುಗಿಸಿದರೂ ಕೆಳಗೆ ಗದ್ದೆ, ಆಚೆ ಕಾಡು, ಚರೆ ಬಿದ್ದರೆ ಕೆಸರಿಗೆ ಬೀಳುತ್ತದೆ. ಅರವತ್ತು ವರ್ಷದ ಈ ಕೈಗೆ ಗೊತ್ತಿದ್ದದ್ದು ಅದೊಂದೇ. ಇಲ್ಲಿ ಎತ್ತ ತಿರುಗಿಸಿದರೂ ಒಂದು ಮಹಡಿ, ಮಹಡಿಯಲ್ಲಿ ಒಬ್ಬಳು ಹೆಂಗಸು. ನಿಜ ಹೇಳುತ್ತೇನೆ, ಕೋವಿಯ ಕುದುರೆ ಎಳೆಯುವ ಆ ಕ್ಷಣದಲ್ಲಿ ನೀನು ಕಟ್ಟೆಯ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದೀಯ ಎಂದು ಅನ್ನಿಸಿತು. ಅದನ್ನು ನೋಡಲಿಕ್ಕೆಂದೇ ಹಿಂದೆ ತಿರುಗಿದೆ. ಅಷ್ಟರಲ್ಲಿ ಆ ಕಡೆಯಿಂದ ಕೂಗು ಕೇಳಿತು.

ಕಮಲಾಬೆನ್‌ರನ್ನು ಎತ್ತಿ ರಿಕ್ಷಾದಲ್ಲಿ ಹಾಕಿದ್ದೂ ನಾನೇ. ಈಗಲೂ ದಿನ ಸಂಜೆ ಹೋಗಿ ಕಣ್ಣಿಗೆ ಔಷಧಿಯ ಹನಿ ಹಾಕಿ ಬರುತ್ತೇನೆ. ಅವರ ಗಂಡನ ಕೈ ನಡುಗುತ್ತದೆ. ಮೊದಲ ದಿನ ಕಾಲು ಹಿಡಿಯಲು ಬಗ್ಗಿದೆ. ಅವರು "ತಮೆ ಜಾಣಿ ಜೋಯಿನೆ ಥೋಡು ಕರ್ಯು ಛೆ, ಭಾಯಿ?" ಅಂದರು. ಬೇಕೆಂದು ಮಾಡಿದ್ದೀರಾ ಅಂತ. ಅವರು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಇನ್ನೊಂದನ್ನೂ ಇದರಲ್ಲೇ ಬರೆದುಬಿಡುತ್ತೇನೆ. ಎಪ್ಪತ್ತೊಂದರ ಯುದ್ಧದಲ್ಲಿ ನಾನು ರಕ್ತ ನೋಡದವನಲ್ಲ. ಆದರೆ ಮಾರ್ಚಿನಲ್ಲಿ ನಿನ್ನ ರಕ್ತ ಪೈಪಿನಲ್ಲಿ ಹೊರಗೆ ಬಂದು, ಮೆಷಿನ್ ಸುತ್ತಿ ವಾಪಸ್ ಹೋಗುವುದನ್ನು ನೋಡುತ್ತ ಕೂತಾಗ, ಇದು ವಾಪಸ್ ಹೋಗದಿದ್ದರೆ ಎಂಬ ಯೋಚನೆ ಬಂತು. ಎದ್ದೆ. ಕ್ಯಾಂಟೀನು ದಾಟಿತು, ಗೇಟು ದಾಟಿತು, ಕಾಲು ನಿಲ್ಲಲಿಲ್ಲ. ಕೋಪ ಮಾಡಿಕೊಂಡವನು ನಾನಲ್ಲ ನಳಿನಿ. ಓಡಿಹೋದವನು. ನೀನು ಅಹಮದಾಬಾದಿಗೆ ಹೋಗುವುದೂ ಇಂಥವನಿಂದ ದೂರ ಇರಲಿಕ್ಕೆ ಎಂದೇ ತಿಳಿದೆ.

ರೂಲಿನ ಪೂರ್ತಿ ಪ್ರತಿ ಇದರೊಂದಿಗಿದೆ. ಒಂದನೇ ರೂಲನ್ನು ಹೀಗೆ ಮಾಡಿದ್ದೇನೆ: 'ಕಾಲೊನಿಯೊಳಗೆ ಯಾವ ಕಾರಣಕ್ಕೂ ಗಾಳಿಗೆ ಗುಂಡು ಹಾರಿಸಕೂಡದು, ಸಾವಿನ ಮನೆಯ ಎರಡು ಗುಂಡಿನ ಹೊರತು.' ನೀನು ಕೇಳಿದ್ದೆಯಲ್ಲ. ಯಾರ ಹತ್ತಿರ ಜಗಳವಾದರೂ ಸರಿ, ಇದೊಂದನ್ನು ಉಳಿಸುತ್ತೇನೆ. ನಿನಗೆ ಕೊಟ್ಟ ಮಾತುಗಳಲ್ಲಿ ನನ್ನ ಕೈಯಲ್ಲಿ ಉಳಿದಿರುವುದು ಇದೇ.

ಗಣಪತಿ


ಬೋಡಕ್‌ದೇವ್, ಅಹಮದಾಬಾದ್
3 ಸೆಪ್ಟೆಂಬರ್ 2003

ಪ್ರೀತಿಯ ನಿಮಗೆ,

ಇವತ್ತು ಊರಿನಲ್ಲಿ ಕೈಲ್ ಮುಹೂರ್ತ. ನಾಟಿ ಮುಗಿಯುವ ತನಕ ದೇವರ ಕೋಣೆಯಲ್ಲಿಟ್ಟ ಕೋವಿಗಳನ್ನು ಹೊರಗೆ ತೆಗೆದು, ಹೂವಿಟ್ಟು ಕೈಮುಗಿಯುವ ದಿನ. ಎರಡು ತಿಂಗಳು ಕೋವಿ ಮುಟ್ಟಬಾರದು ಎಂಬುದೂ ರೂಲೇ ಅಲ್ಲವೇ? ಯಾರೂ ಸಹಿ ಹಾಕದೆ ಎಲ್ಲರೂ ನಡೆಸಿಕೊಂಡು ಬಂದರು. ಇಂದಿರಾ ಕಡಂಬುಟ್ಟು ಮಾಡಿದ್ದಳು. ಇಲ್ಲಿಯ ಅಕ್ಕಿ ತರಿಗೆ ಅದು ಉಂಡೆಯಾಗದೆ ಉಪ್ಪಿಟ್ಟಿನಂತೆ ಉದುರಿತು. ಜೊತೆಗೆ ಹಂದಿ ಕರಿ ಎಲ್ಲಿಂದ ಬರಬೇಕು, ಈ ಬಿಲ್ಡಿಂಗಿನಲ್ಲಿ ಮೊಟ್ಟೆ ತಂದರೂ ಲಿಫ್ಟಿನಲ್ಲಿ ಮುಖ ತಿರುಗಿಸುತ್ತಾರೆ. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡು ಅತ್ತೆ. ಇಂದಿರಾ, ಅಷ್ಟು ಕೆಟ್ಟದಾಗಿದೆಯಾ ಅಂತ ಗಾಬರಿಯಾದಳು.

ನಿಮ್ಮ ಕಾಗದ ಓದಿದ ರಾತ್ರಿ ಸಿಟ್ಟು ಬಂತು. ಮರುದಿನ ಓದಿದಾಗ ಅಳು ಬಂತು. ಓಡಿಹೋದವರು ಎಂದು ನೀವು ಬರೆದಿರಿ. ನನಗೂ ಪ್ರತಿ ಸಲ ಆಸ್ಪತ್ರೆಯ ಆ ಹಾಸಿಗೆಯಿಂದ ಎದ್ದು ಓಡಬೇಕು ಅನ್ನಿಸುತ್ತದೆ, ನನ್ನ ಕೈಗೆ ಪೈಪು ಕಟ್ಟಿರುತ್ತಾರೆ, ಅಷ್ಟೇ ವ್ಯತ್ಯಾಸ.

ಈಗ ಒಂದನೇ ರೂಲು. ಅದರ ಕೊನೆಯ ತುಂಡನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೆ, ಗುಜರಾತಿಗೂ ತಿರುಗಿಸಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಜನ ಆಡಿಕೊಳ್ಳುವುದು ಇದಕ್ಕೇ. ಹದಿನೆಂಟು ಜನಕ್ಕೆ ಬೇಡ, ಬರೆದವನ ಹೆಂಡತಿಗೆ ಮಾತ್ರ ಇರಲಿ ಎಂದರೆ ಅದು ರೂಲಲ್ಲ. ಅದರಿಂದ ಆ ಹದಿನೆಂಟು ಮನೆಯ ಲೈಸೆನ್ಸ್ ಹೋದರೆ ನನ್ನ ಆತ್ಮಕ್ಕೆ ಯಾವ ಶಾಂತಿ? ನಾನು ಕೇಳಿದ್ದು ತಮಾಷೆಗೆ. ಪೂರ್ತಿ ತಮಾಷೆ ಅಂತಲೂ ಹೇಳಲಾರೆ. ಆದರೆ ನೀವು ಅದನ್ನು ಆರ್ಡರ್ ಎಂದು ತೆಗೆದುಕೊಂಡಿರಿ.

ಒಂದು ವಿಷಯ ನನಗೆ ಈಗ ಹೊಳೆದಿದೆ. ನಾವು ಗುಂಡು ಹೊಡೆಯುವುದು ಸತ್ತವರಿಗೆ ಕೇಳಿಸಲಿ ಎಂದಲ್ಲ, ನೆರೆಯವರು ಬರಲಿ ಎಂದು. ನಮ್ಮ ಕಡೆ ಎರಡು ಗುಂಡು ಕೇಳಿದರೆ ಜನ ಬಾಗಿಲು ತೆರೆದು ಓಡಿ ಬರುತ್ತಾರೆ. ಇಲ್ಲಿ ಗುಂಡು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆ. ಕಳೆದ ವರ್ಷದ ಆ ಗಲಭೆಯ ದಿನಗಳಲ್ಲಿ ನಾವೂ ಹಾಕಿಕೊಂಡು ಕೂತಿದ್ದೆವಲ್ಲ, ಟ್ರಂಕನ್ನು ಬಾಗಿಲಿಗೆ ಅಡ್ಡ ಇಟ್ಟು? ಕಮಲಾಬೆನ್‌ಗೆ ಇನ್ನು ಆ ಸದ್ದು ಕೇಳಿದರೆ ಏನಾಗಬೇಕು? ಎಂಬತ್ತಮೂರು ಬಾಗಿಲು ಮುಚ್ಚಿಸಿಕೊಂಡು ನಾನು ಹೊರಡಲಾರೆ. ನೀವು ಕೊಟ್ಟ ಮಾತಿನಿಂದ ನಿಮ್ಮನ್ನು ಬಿಟ್ಟಿದ್ದೇನೆ.

ಬಿಟ್ಟೆ ಎಂದು ಬರೆದಮೇಲೂ ಒಂದು ಮಾತು ಉಳಿದಿದೆ. ಅದನ್ನು ನಿಮಗಲ್ಲದೆ ಯಾರಿಗೆ ಹೇಳಲಿ? ಈ ಏಳನೇ ಮಹಡಿಯಲ್ಲಿ ನಾನು ಹೋದರೆ ಆರನೇ ಮಹಡಿಗೆ ಗೊತ್ತಾಗುವುದಿಲ್ಲ.

ನಿಮ್ಮ,
ನಳಿನಿ


ಉಧ್ನಾ
22 ಸೆಪ್ಟೆಂಬರ್ 2003

ಪ್ರೀತಿಯ ನಳಿನಿ,

ನಿನ್ನೆ ಭಾನುವಾರ ಮೀಟಿಂಗ್ ಆಯಿತು. ಮೈದಾನದಲ್ಲಿ ಜಮಖಾನ ಹಾಸಿ ಎಲ್ಲರೂ ಕೂತಿದ್ದರು. ಹಾರಿಸಿದ್ದು ನಾನೇ ಎಂದು ಎಲ್ಲರಿಗೂ ಗೊತ್ತಿದ್ದರೂ ಎದ್ದು ನಿಂತು ನನ್ನ ಬಾಯಿಂದಲೇ ಹೇಳಿದೆ. ಹಾಲಪ್ಪ ಎದ್ದು, "ಹಾರಿಸ್ರಿ ಅಂದಾಂವ ನಾನರೀ" ಅಂದ. ಅವನನ್ನು ಕೂರಿಸಿದೆ.

ಪಟೇಲ್‌ಭಾಯಿ ನಿನ್ನ ಗುಜರಾತಿ ಪ್ರತಿ ಓದಿದರು. ನಿನ್ನ ಅಕ್ಷರ ನೋಡಿ, "ಬೆನ್‌ರ ಕೈಬರಹ ಈಗಲೂ ಹಾಗೇ ಇದೆ" ಅಂದರು. ಅವರ ಇಬ್ಬರು ಮಕ್ಕಳೂ ನಿನ್ನ ಹತ್ತಿರ ಅಕ್ಷರ ಕಲಿತವರಲ್ಲವೇ. ತಬಿಯತ್ತಿನ ರೂಲು ಓದಿದಾಗ ಹಿಂದಿನ ಸಾಲಿನಲ್ಲಿ ಮೂವರು ಕೆಮ್ಮಿದರು. ಕನ್ನಡ ಪ್ರತಿಯಲ್ಲಿ ಕೆಂಪು ಗೀಟು ನೋಡಿ, ಇದೇನು ಹೊಡೆದುಹಾಕಿದ್ದು ಎಂದು ಕೇಳಿದರು. ನಾನು ಹೇಳಬೇಕೆಂದಿರಲಿಲ್ಲ. ಹೇಳಿದೆ. ನಿನ್ನ ಅಪ್ಪನ ಅಂಗಳ, ಎರಡು ಗುಂಡು, ಓಡಿಬಂದ ನಲವತ್ತು ಜನ. ಆಮೇಲೆ ನೀನು ಬಾಗಿಲಿನ ಬಗ್ಗೆ ಬರೆದ ಮಾತನ್ನು ನನ್ನ ಹರಕು ಗುಜರಾತಿಯಲ್ಲಿ ಹೇಳಿದೆ.

ಕಮಲಾಬೆನ್ ಹೆಂಗಸರ ಸಾಲಿನಿಂದ ಎದ್ದರು. ಕಪ್ಪು ಕನ್ನಡಕ ಹಾಕಿದ್ದರು. "ಗುಂಡು ಹೊಡೆದರೆ ನಾನು ಮಂಚದ ಕೆಳಗೆ ಹೋಗುತ್ತೇನೆ, ಭಾಯಿ. ಬಾಗಿಲು ತಟ್ಟಿದರೆ ತೆರೆಯುತ್ತೇನೆ. ಅದನ್ನೇ ಬರೆಯಿರಿ" ಅಂದರು.

ಬರೆದೆವು. ಕಡೆಯ ರೂಲು ಇದು: 'ಕಾಲೊನಿಯ ಯಾವ ಮನೆಯಲ್ಲಿ ಸಾವಾದರೂ, ಕೋವಿಯಿರುವ ಮನೆಗಳವರು ಇಬ್ಬಿಬ್ಬರಾಗಿ ಹೊರಟು ಪ್ರತಿ ಮನೆಯ ಬಾಗಿಲನ್ನು ಎರಡು ಸಲ ತಟ್ಟಬೇಕು. ತಟ್ಟಿದವರೂ ತೆರೆದವರೂ ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು.' ಹತ್ತೊಂಬತ್ತು ಜನರೂ ಸಹಿ ಹಾಕಿದರು. ಕೋವಿಯಿಲ್ಲದ ಅರವತ್ತೈದು ಮನೆಯವರೂ ಹಾಕಿದರು. ಇನ್‌ಸ್ಪೆಕ್ಟರ್ ಇವತ್ತು ಓದಿ, ಈ ಕಡೆಯದಕ್ಕೂ ಕೋವಿಗೂ ಏನು ಸಂಬಂಧ ಎಂದು ಕೇಳಿದ. ಇದೆ ಎಂದಷ್ಟೇ ಹೇಳಿದೆ.

ನಿನಗೆ ಕೊಟ್ಟ ಮಾತನ್ನು ಬೇರೆ ರೀತಿಯಲ್ಲಾದರೂ ಉಳಿಸಿಕೊಂಡೆ ಎಂದು ನಿನ್ನೆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಎಂಬತ್ತಮೂರು ಮನೆ ಬರುತ್ತದೆ ನಳಿನಿ. ಒಂದೂ ಬಾಗಿಲು ಮುಚ್ಚಿರುವುದಿಲ್ಲ.

ನಿನ್ನ,
ಗಣಪತಿ


ಬೋಡಕ್‌ದೇವ್
29 ಸೆಪ್ಟೆಂಬರ್ 2003

ನನ್ನ ಸುಬೇದಾರರಿಗೆ,

ರೂಲು ಬಹಳ ಚೆನ್ನಾಗಿದೆ. ಓದಿ ಇಂದಿರಾಳಿಗೂ ಓದಿಸಿದೆ. ಕಮಲಾಬೆನ್‌ಗೆ ನನ್ನ ಕೈಮುಗಿದ ನಮಸ್ಕಾರ ಹೇಳಿ, ನೀವು ಹನಿ ಹಾಕುವಾಗ ನಡುಗದೆ ಹಾಕಿ.

ಈಗ ನನ್ನ ಸರದಿ. ನಾನೂ ಒಂದನ್ನು ಮುಚ್ಚಿಟ್ಟಿದ್ದೇನೆ. ಡಯಾಲಿಸಿಸ್ ವಾರಕ್ಕೆ ಎರಡಲ್ಲ. ಜೂನ್‌ನಿಂದಲೇ ಮೂರು. ಸೋಮವಾರ, ಬುಧವಾರ, ಶುಕ್ರವಾರ. ಡಾಕ್ಟರು ಇಂದಿರಾಳನ್ನು ಹೊರಗೆ ಕರೆದು ಮಾತಾಡುತ್ತಾರೆ, ಅವಳು ಮುಖ ತೊಳೆದುಕೊಂಡು ಒಳಗೆ ಬರುತ್ತಾಳೆ. ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ. ಹೇಳಿದರೆ ನೀವು ಇನ್ನೂ ದೂರ ಓಡುತ್ತೀರೇನೋ ಎಂದು ನಿಮಗೆ ಬರೆಯಲಿಲ್ಲ. ಆಗ ನೀವು ಏಕೆ ಓಡಿದಿರಿ ಎಂಬುದು ಗೊತ್ತಿರಲಿಲ್ಲ.

ಎಂಬತ್ತಮೂರು ಬಾಗಿಲು ತೆರೆಯುತ್ತವೆ ಎಂದು ಬರೆದಿದ್ದೀರಿ. ಸಂತೋಷ. ಅದು ಆಗುವಾಗ ನಾನು ನೋಡುವುದಿಲ್ಲ. ಸತ್ತಮೇಲೆ ಯಾರ್ಯಾರು ಬರಬೇಕು ಎಂಬುದಕ್ಕೆ ನೀವು ನಾಲ್ಕು ತಿಂಗಳು ಕಾಗದ ಬರೆದಿರಿ, ಮೀಟಿಂಗ್ ಮಾಡಿದಿರಿ, ಸಹಿ ಹಾಕಿಸಿದಿರಿ. ನಾನು ಬದುಕಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ಗಂಟೆ ಆ ಕೋಣೆಯ ಬಾಗಿಲನ್ನೇ ನೋಡುತ್ತ ಮಲಗಿರುತ್ತೇನೆ. ನರ್ಸ್ ಬರುತ್ತಾಳೆ, ನೆಲ ಒರೆಸುವವಳು ಬರುತ್ತಾಳೆ. ನನಗೆ ನಲವತ್ತು ಜನವೂ ಬೇಡ, ಎಂಬತ್ತಮೂರು ಮನೆಯೂ ಬೇಡ. ಒಬ್ಬರು ಬಂದು ಎರಡು ಸಲ ತಟ್ಟಲಿ, ನನಗೆ ಕೇಳಿಸುವಾಗಲೇ ತಟ್ಟಲಿ.

ಅಳಿಯನ ಮನೆಯಲ್ಲಿ ಉಳಿಯುವುದು ಹೇಗೆ ಎಂಬ ಬಿಗುಮಾನವಿದ್ದರೆ ಅದನ್ನೂ ಕೋವಿಯ ಜೊತೆ ಪೆಟ್ಟಿಗೆಯಲ್ಲಿಟ್ಟು ಬನ್ನಿ.

ನಿಮ್ಮ,
ನಳಿನಿ


ಉಧ್ನಾ
4 ಅಕ್ಟೋಬರ್ 2003

ನಳಿನಿ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಇವತ್ತು ಬೆಳಿಗ್ಗೆ ಕೋವಿಯನ್ನು ಠಾಣೆಗೆ ಕೊಟ್ಟೆ. ಊರು ಬಿಡುವವನು ಕೋವಿ ಒಪ್ಪಿಸಬೇಕೆಂದು ನಾನೇ ಬರೆದ ರೂಲನ್ನು ಮೊದಲು ಪಾಲಿಸಿದವನು ನಾನೇ. ವಜ್ರದ ಆಫೀಸಿಗೂ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟೆ. ಗುರುವಾರ ಕಡೆಯ ಡ್ಯೂಟಿ, ಅಲ್ಲಿಯ ತನಕ ಕೋವಿಯಿಲ್ಲದೆ ಗೇಟಿನ ಪುಸ್ತಕ ನೋಡಿಕೊಳ್ಳುತ್ತೇನೆ. ಕಮಲಾಬೆನ್‌ರ ಔಷಧಿ ಹನಿಯನ್ನು ಇನ್ನು ಹಾಲಪ್ಪ ಹಾಕುತ್ತಾನೆ, ಅವನ ಕೈ ನನ್ನದಕ್ಕಿಂತ ಗಟ್ಟಿ.

ಠಾಣೆಯಿಂದ ಬರುವಾಗ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅಷ್ಟು ವರ್ಷದ ಭಾರ ಹೋದಮೇಲೆ ಹೆಗಲು ತಾನಾಗಿ ಮೇಲೆ ಏಳುತ್ತದೆ. ದಾರಿಯಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡೆ. ನೀನಿದ್ದಿದ್ದರೆ ಮತ್ತೆ ಕುಂಬಳಕಾಯಿ ಕಳ್ಳ ಅನ್ನುತ್ತಿದ್ದೆ.

ಹತ್ತನೇ ತಾರೀಕು ಶುಕ್ರವಾರ ಬೆಳಗಿನ ಗಾಡಿಗೆ ಹೊರಡುತ್ತೇನೆ. ಆ ದಿನ ನಿನ್ನ ದಿನ ಎಂದು ಗೊತ್ತಿದ್ದೇ ಆರಿಸಿದ್ದು. ಮನೆಗೆ ಬರುವುದಿಲ್ಲ, ಸ್ಟೇಷನ್ನಿನಿಂದ ನೇರ ಆಸ್ಪತ್ರೆಗೆ ಬರುತ್ತೇನೆ. ಆ ಕೋಣೆಯ ಬಾಗಿಲನ್ನು ಎರಡು ಸಲ ತಟ್ಟುತ್ತೇನೆ. ಸೂಜಿ ಚುಚ್ಚುವಾಗ ಗೋಡೆಯ ಕಡೆ ತಿರುಗಿ ನಿಲ್ಲಬಹುದು, ಅದಕ್ಕೆ ನಗಬೇಡ. ಹೊರಗೆ ಹೋಗುವುದಿಲ್ಲ. ಅಜಯ್‌ಗೆ ಹೇಳು, ಹಾಲ್‌ನಲ್ಲಿ ಒಂದು ಚಾಪೆ ಸಾಕು. ಸಂಜನಾಳಿಗೆ ಹೇಳು, ಗನ್ ಬರುವುದಿಲ್ಲ, ಅಜ್ಜ ಬರುತ್ತಾನೆ.

ಠಾಣೆಯ ರಸೀದಿಯನ್ನು ಇದರ ಜೊತೆ ಇಟ್ಟಿದ್ದೇನೆ, ನಿನ್ನ ಹತ್ತಿರ ಇರಲಿ. ಅದರಲ್ಲಿ ಎಷ್ಟು ದಿನಕ್ಕೆ ಎಂದು ಒಂದು ಜಾಗವಿದೆ. ಬರೆಯುವವನು ಪೆನ್ನು ಹಿಡಿದು, "ಕಿತ್ನೇ ದಿನ, ಸಾಹೇಬ್?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನು ನನ್ನ ಮುಖ ನೋಡಿ ಆ ಜಾಗವನ್ನು ಖಾಲಿ ಬಿಟ್ಟ.

ನೀನೂ ಅದರಲ್ಲಿ ಏನೂ ತುಂಬಬೇಡ.

ನಿನ್ನ,
ಗಣಪತಿ